ಪಾಲಾಗುವ ಮೊದಲೇ ಕಿಟಕಿ ಬಾಗಿಲಾಗಲಿ

ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಹಳ್ಳಿಗಳಲ್ಲಿ ಕಿಟಕಿ ಕಿತ್ತು ಬಾಗಿಲು ಮಾಡುವುದು ಹೆಚ್ಚಾಗಿ ಒಂದೇ ಸಂದರ್ಭದಲ್ಲಿ: ಅಣ್ಣತಮ್ಮಂದಿರು ಪಾಲಾದಾಗ. ಮುಂಬಾಗಿಲು ಒಬ್ಬರ ಪಾಲಿಗೆ, ಹಿಂದಿನ ಎರಡು ಅಂಕಣ ಇನ್ನೊಬ್ಬರ ಪಾಲಿಗೆ. ನಡುವೆ ಅಡ್ಡಗೋಡೆ ಏಳುತ್ತದೆ. ಹಿಂದೆ ಉಳಿದವನಿಗೆ ಓಡಾಡಲು ದಾರಿ ಬೇಕಲ್ಲ? ಹಿತ್ತಲ ಕಡೆಯ ಕಿಟಕಿ ತೆಗೆದು, ಅದರ ಕೆಳಗಿನ ಗೋಡೆ ಕೆಡವಿ, ಚೌಕಟ್ಟು ಕೂರಿಸುತ್ತಾರೆ. ನಾಲ್ಕು ದಿನದ ಕೆಲಸ.

ಆದರೆ ಮನೆ ಒಂದಾಗಿದ್ದ ಮೂವತ್ತು-ನಲವತ್ತು ವರ್ಷ ಈ ನಾಲ್ಕು ದಿನದ ಕೆಲಸ ಯಾರಿಗೂ ನೆನಪಾಗಿರುವುದಿಲ್ಲ. ಅಷ್ಟೂ ವರ್ಷ ಆ ಮನೆಯ ಹೆಣ್ಣುಮಕ್ಕಳು ಹಿತ್ತಲಿಗೆ ಹೋಗಬೇಕಾದರೆ ಪಡಸಾಲೆ ದಾಟಿ, ದನದ ಗೋದಲಿ ದಾಟಿ, ಮುಂಬಾಗಿಲಿನಿಂದ ಹೊರಬಿದ್ದು, ಸಂದಿಯಲ್ಲಿ ಸುತ್ತು ಹಾಕಿ ಹೋಗಿರುತ್ತಾರೆ. ಕಿಟಕಿಯಲ್ಲಿ ಹಿತ್ತಲು ಕಾಣುತ್ತದೆ, ಕಾಲಿಡಲು ಮಾತ್ರ ಆಗುವುದಿಲ್ಲ!

ನಾನು ಹೇಳುವುದಿಷ್ಟೇ. ಹಿತ್ತಲು ಇರುವ ಪ್ರತಿ ಸಣ್ಣ ರೈತನ ಮನೆಗೂ ಹಿತ್ತಲ ಬಾಗಿಲು ಬೇಕು. ಅಲ್ಲಿ ಈಗ ಕಿಟಕಿ ಇದ್ದರೆ ಅರ್ಧ ಕೆಲಸ ಆದ ಹಾಗೆಯೇ. ಅದಕ್ಕೆ ಪಾಲಾಗುವ ತನಕ ಕಾಯಬೇಕಿಲ್ಲ.

ಹಿರಿಯರು ಕಟ್ಟಿದ್ದು ತಪ್ಪೇನಲ್ಲ

ನಮ್ಮ ಹಳೆಯ ಮನೆಗಳಿಗೆ ಒಂದೂವರೆ-ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ, ಮೇಲ್ಮುದ್ದೆ. ಇಲ್ಲವೇ ಮಂಗಳೂರು ಹಂಚು. ಎತ್ತು, ಆಕಳು ಮನೆಯೊಳಗೇ. ಕಿಟಕಿ ಒಂದೋ ಎರಡೋ, ಅದೂ ಸಣ್ಣದು. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ. ಕಳ್ಳರ ಭಯ, ಬಿಸಿಲ ಝಳ, ಜೊತೆಗೆ ಎತ್ತು ಕಣ್ಣೆದುರೇ ಇರಬೇಕೆಂಬ ಕಾಳಜಿ. ಆ ಕಾಲಕ್ಕೆ ಅದು ಸರಿಯೇ ಇತ್ತು.

ಆಗ ಒಕ್ಕಲು ಮಾಡಲು ಊರ ಹೊರಗೆ ಕಣ ಇತ್ತು. ಕಾಳು ಹಸನಾಗಿಯೇ ಮನೆಗೆ ಬರುತ್ತಿತ್ತು. ಈಗ ಕಣ ಎಲ್ಲಿದೆ? ಕಣದ ಜಾಗದಲ್ಲಿ ಮನೆ ಎದ್ದಿವೆ. ಗೋವಿನಜೋಳ ಡಾಂಬರು ರಸ್ತೆಯ ಮೇಲೆ ಒಣಗುತ್ತಿದೆ, ಬೈಕಿನವರು ಅದರ ಮೇಲೆ ಜಾರಿ ಬೀಳುತ್ತಿದ್ದಾರೆ. ಉಳಿದ ಕೆಲಸವೆಲ್ಲ ಮನೆಗೆ ಬಂದಿದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಗಿಸಿ ಆರಿಸುವುದು ಮನೆಯಲ್ಲಿ. ರಾಣೆಬೆನ್ನೂರು ಕಡೆ ಕಂಪನಿಗಳಿಗೆ ತರಕಾರಿ ಬೀಜ ಮಾಡಿಕೊಡುವವರು ಬೀಜ ತೊಳೆದು ನೆರಳಲ್ಲಿ ಆರಿಸುವುದೂ ಮನೆಯಲ್ಲಿ. ಹತ್ತಿ ಒಟ್ಟುವುದೂ ಮನೆಯಲ್ಲಿ. ಕೆಲಸ ಬಂದು ಸೇರಿತು, ಬಾಗಿಲು ಮಾತ್ರ ಹಳೆಯದೊಂದೇ ಉಳಿಯಿತು.

ಹೆಜ್ಜೆಯ ಲೆಕ್ಕ

ನಮ್ಮ ಮನೆಯಲ್ಲಿ ಬಾಗಿಲು ತೆಗೆಸುವ ಮೊದಲು ಎಣಿಸಿ ನೋಡಿದೆ. ಒಲೆಯಿಂದ ಹಿತ್ತಲ ಬಚ್ಚಲಿನ ತನಕ, ಮುಂಬಾಗಿಲಿನಿಂದ ಸುತ್ತಿ ಹೋದರೆ 60 ಹೆಜ್ಜೆ. ಹೋಗಿ ಬರಲು 120. ನೀರು, ಕಟ್ಟಿಗೆ, ಮುಸುರೆ, ಬಟ್ಟೆ ಅಂತ ದಿನಕ್ಕೆ 20 ಸಲವಾದರೂ ಆಗುತ್ತದೆ. ಅಂದರೆ 2,400 ಹೆಜ್ಜೆ. ಬಾಗಿಲಾದ ಮೇಲೆ ಒಂದು ಕಡೆಗೆ 8 ಹೆಜ್ಜೆ, ದಿನಕ್ಕೆ 320. ಉಳಿದ ಎರಡು ಸಾವಿರ ಹೆಜ್ಜೆ ಯಾರ ಕಾಲಿನದು ಅಂತ ನಾವು ಗಂಡಸರು ಒಂದು ಸಲ ಯೋಚಿಸಬೇಕು.

ಗಾಳಿಯ ಲಾಭ ಬೇರೆ. ಮುಂದಿನಿಂದ ಬಂದ ಗಾಳಿಗೆ ಹಿಂದೆ ಹೋಗಲು ದಾರಿ ಇದ್ದರೆ ಮಾತ್ರ ಮನೆ ಆರುತ್ತದೆ. ಗ್ಯಾಸ್ ಬಂದರೂ ನೀರಿನೊಲೆ, ರೊಟ್ಟಿಯ ಒಲೆ ಇನ್ನೂ ಎಷ್ಟೋ ಮನೆಗಳಲ್ಲಿ ಉರಿಯುತ್ತಲೇ ಇವೆ. ಆ ಹೊಗೆಗೂ ದಾರಿಯಾಯಿತು. ಇನ್ನೊಂದು ಮಾತು: ಬೆಂಕಿ ಬಿದ್ದರೆ, ಮುಂದಿನ ಗೋಡೆ ಕುಸಿದರೆ, ಒಂದೇ ಬಾಗಿಲಿನ ಮನೆಯಲ್ಲಿ ಇದ್ದವರ ಗತಿ ಏನು?

ಗೋಡೆ ಕೊಯ್ಯುವ ಮುನ್ನ

ಕೆಲಸ ಸಣ್ಣದು, ಆದರೆ ಹಗುರವಾಗಿ ಎಣಿಸುವಂಥದ್ದಲ್ಲ. ನಮ್ಮ ಮನೆಗೆ ಬಂದ ಹಿರಿಯ ಗೌಂಡಿ ಹೇಳಿದ ಮಾತು ಇದು: "ಗೋಡಿ ಹೊಟ್ಟಿ ಕೊಯ್ಯೂಕಿಂತ ಮದ್ಲ ಅದರ ತಲಿ ಹಿಡೀಬೇಕ್ರೀ."

ಕಿಟಕಿಯ ಮೇಲಿನ ಅಡ್ಡಪಟ್ಟಿ ಅಥವಾ ಲಿಂಟಲ್ ಮೇಲಿನ ಭಾರವನ್ನು ಎರಡೂ ಪಕ್ಕದ ಗೋಡೆಗೆ ದಾಟಿಸುತ್ತದೆ. ಕಿಟಕಿಯ ಕೆಳಗಿನ ಗೋಡೆ ತನ್ನ ಭಾರವನ್ನಷ್ಟೇ ಹೊತ್ತು ನಿಂತಿರುತ್ತದೆ. ಆದ್ದರಿಂದ ಕಿಟಕಿಯಷ್ಟೇ ಅಗಲದ ಬಾಗಿಲು ಸಾಕು ಎನ್ನುವವರಿಗೆ ಕೆಲಸ ಸಲೀಸು. ಅಗಲ ಹೆಚ್ಚಿಸದೆ ಕೆಳಗಿನ ಗೋಡೆಯನ್ನಷ್ಟೇ ಬಿಡಿಸಿದರಾಯಿತು. ಮೂರು ಅಡಿ ಅಗಲ ಇದ್ದರೆ ಮೆಣಸಿನಕಾಯಿ ಚೀಲ ಹೊತ್ತವನು ಆರಾಮ ದಾಟುತ್ತಾನೆ.

ಹಳೆಯ ಮನೆಗಳಲ್ಲಿ ಕಿಟಕಿಯ ಅಡ್ಡಪಟ್ಟಿ ಐದಡಿ ಎತ್ತರದಲ್ಲೇ ಇರುವುದುಂಟು. ಅಲ್ಲಿ ಹೊಸ ಲಿಂಟಲ್ ಮೇಲೆ ಹಾಕಲೇಬೇಕು. ಅದಕ್ಕೆ ಮೊದಲು ಒಳಗೆ ಜಂತಿಗಳಿಗೆ ಕಂಬ ಕೊಟ್ಟು ಮಾಳಿಗೆಯ ಭಾರ ಹಿಡಿಯಬೇಕು. ಮೇಲ್ಮುದ್ದೆಯ ಭಾರ ಹಂಚಿನ ಹಾಗಲ್ಲ, ಮಳೆ ಕುಡಿದ ಮೇಲಂತೂ ಕೇಳುವುದೇ ಬೇಡ. ಆಮೇಲೆ ಗೋಡೆಯ ದಪ್ಪದಲ್ಲಿ ಹೊರಗಿನ ಅರ್ಧ ಮಾತ್ರ ಕೊರೆದು ಒಂದು ಲಿಂಟಲ್ ಕೂರಿಸಿ, ಬಿಗಿ ಮಾಡಿ, ನಂತರ ಒಳಗಿನ ಅರ್ಧ. ಎರಡನ್ನೂ ಒಟ್ಟಿಗೆ ಕೊರೆಯುವ ಅವಸರ ಬೇಡ. ಲಿಂಟಲ್ ಎರಡೂ ಪಕ್ಕ ಒಂದೊಂದು ಅಡಿಯಾದರೂ ಗೋಡೆಯ ಮೇಲೆ ಕೂರಬೇಕು, ಒಂದೂವರೆ ಅಡಿ ಇದ್ದರೆ ಇನ್ನೂ ಒಳ್ಳೆಯದು.

ಮಣ್ಣಿನ ಮನೆಗಳು ಭೂಕಂಪ ತಡೆಯುವಂತಿರಲಿ ಎಂದು ಭಾರತೀಯ ಮಾನಕ ಬ್ಯೂರೋ 1993ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬಾಗಿಲಿನ ಅಗಲ 4 ಅಡಿ ಮೀರಬಾರದು, ಮನೆಯ ಮೂಲೆಯಿಂದ ಬಾಗಿಲಿಗೆ 4 ಅಡಿಯಾದರೂ ಗೋಡೆ ಇರಬೇಕು ಎನ್ನುವುದು ಅದರ ಸಾರ. ಭೂಕಂಪದ ಮಾತು ಬಿಡಿ, ನಮ್ಮ ಎರೆಭೂಮಿಗೂ ಈ ಲೆಕ್ಕ ಒಳ್ಳೆಯದೇ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಗೋಡೆಯೂ ಅದರ ಜೊತೆ ಅಲುಗುತ್ತದೆ.

ಈ ಮೂರು ಕಡೆ ಮಾತ್ರ ಕೈ ಹಾಕಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಓಡಿದ್ದರೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ. ತೊಲೆಯ ತುದಿ ಸರಿಯಾಗಿ ಕಿಟಕಿಯ ಮೇಲೆಯೇ ಕೂತಿದ್ದರೆ. ಇಂಥಲ್ಲಿ ಅನುಭವಿ ಗೌಂಡಿಯನ್ನೋ ಎಂಜಿನಿಯರನ್ನೋ ಕರೆಸಿ ಕೇಳುವುದೇ ಕ್ಷೇಮ. ಹಳೆಯ ಮರದ ಅಡ್ಡಪಟ್ಟಿಗೆ ದಬ್ಬಳ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಗೆದ್ದಲು ಒಳಗೆ ಊಟ ಮುಗಿಸಿದೆ ಅಂತ ಅರ್ಥ.

ಕೆಡವುವಾಗ ಹಾರೆಯಿಂದ ಗುದ್ದಬಾರದು. ಮೇಲಿನಿಂದ ಕೆಳಗೆ ಒಂದೊಂದೇ ಇಟ್ಟಿಗೆ ಬಿಡಿಸಬೇಕು. ಕೊಯ್ದ ಅಂಚು ಉದುರದಂತೆ ಎರಡೂ ಪಕ್ಕ ಸುಟ್ಟ ಇಟ್ಟಿಗೆಯ ಕಟ್ಟಡ ಕೊಡಿ. ಉಳಿದ ಗೋಡೆಗೆ ಮಣ್ಣಿನ ಗಿಲಾವೇ ಸಾಕು. ಮಣ್ಣಿನ ಗೋಡೆಗೆ ಸಿಮೆಂಟ್ ಹಚ್ಚಿದರೆ ಒಳಗಿನ ತೇವ ಹೊರಗೆ ಬರಲಾಗದೆ ನಾಲ್ಕು ಮಳೆಗಾಲದಲ್ಲಿ ಹೊಪ್ಪಳಿಕೆ ಏಳುತ್ತದೆ. ಕೆಲಸಕ್ಕೆ ಕಾಲ ಯುಗಾದಿಯಿಂದ ರೋಹಿಣಿ ಮಳೆಯ ತನಕ. ಗೋಡೆ ಒಣಗಿರುತ್ತದೆ, ಕೈಯೂ ಬಿಡುವಾಗಿರುತ್ತದೆ.

ಬಾಗಿಲಿನಾಚೆ ಕಟ್ಟೆ

ಬಾಗಿಲು ತೆರೆದರೆ ಕೆಸರು ಎಂದಾದರೆ ಏನು ಪ್ರಯೋಜನ? ಪರದೇಶದಲ್ಲೂ ಮನೆಯ ಕಿಟಕಿ ಒಡೆದು ಗಾಜಿನ ಬಾಗಿಲು ಮಾಡಿ, ಹೊರಗೆ ಕಲ್ಲು ಹಾಸಿದ ಜಗಲಿ ಮಾಡಿಕೊಳ್ಳುತ್ತಾರೆ. ಅದಕ್ಕೆ 'ಪ್ಯಾಟಿಯೋ' ಅಂತ ಹೆಸರು. ಸ್ಪೇನ್ ದೇಶದವರ ಮಾತು, ನಮ್ಮ ತೊಟ್ಟಿಮನೆಯ ಅಂಗಳದಂಥದ್ದು. ಅವರಿಗೆ ಅದು ಬಿಸಿಲು ಕಾಯಿಸುತ್ತ ಕೂರುವ ಜಾಗ. ನಮಗೆ ಕೆಲಸದ ಜಾಗ.

10 ಅಡಿಗೆ 12 ಅಡಿಯ ಕಟ್ಟೆ ಸಾಕು. ಶಹಾಬಾದ್ ಕಲ್ಲೋ ಕಡಪ ಕಲ್ಲೋ ಹಾಸಿ. ಹೊಸ್ತಿಲಿಗಿಂತ ಅರ್ಧ ಅಡಿ ತಗ್ಗಿರಲಿ, ಇಳಿಜಾರು ಮನೆಯಿಂದ ಆಚೆಗಿರಲಿ. ಬಾಗಿಲ ಮೇಲೆ ಮೂರಡಿ ತಗಡಿನ ಇಳಿಜಾರು ಇದ್ದರೆ ಎರಚಲು ತಾಗುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮಣ್ಣಿನ ಗೋಡೆ ಹೆಚ್ಚಾಗಿ ಸೋಲುವುದು ಬುಡದಲ್ಲಿ, ನೀರಿಗೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಬಂತು. ಆದರೆ ಪೇಟೆಯಲ್ಲಿ ದರ ಸಿಗುವುದು ಮಾನ್ಯತೆಗಲ್ಲ, ಕಾಯಿಯ ಬಣ್ಣಕ್ಕೆ ಮತ್ತು ಒಣಗಿದ ರೀತಿಗೆ. ಬರೀ ನೆಲದಲ್ಲಿ ಹರವಿದರೆ ಮಣ್ಣು ಮೆತ್ತುತ್ತದೆ, ತೇವಕ್ಕೆ ಬೂಸಲು ಹಿಡಿಯುತ್ತದೆ. ಕಟ್ಟೆಯ ಮೇಲೆ ಎಲ್ಲ ಬೆಳೆ ಹಿಡಿಸುವುದಿಲ್ಲ, ಒಪ್ಪಿದೆ. ಆದರೆ ಆರಿಸುವ ಕೆಲಸ ಅಲ್ಲಿಯೇ ಆಗುತ್ತದೆ. ಮೋಡ ಕವಿದರೆ ಎಂಟು ಹೆಜ್ಜೆಯಲ್ಲಿ ಒಳಗೆ ಸೇರಿಸಬಹುದು. ಇಬ್ಬನಿ ಬೀಳುವ ಮೊದಲು ಮುಚ್ಚಿಡಬಹುದು.

ಬೇಡ ಎನ್ನುವವರಿಗೆ

"ಎದುರುಬದುರು ಬಾಗಿಲಿದ್ರ ಲಕ್ಷ್ಮಿ ಹೊರಗ ಹೋಗ್ತಾಳ" ಅನ್ನುತ್ತಾರೆ. ನನ್ನ ಮಟ್ಟಿಗೆ ಲಕ್ಷ್ಮಿ ಅಂದರೆ ಮನೆಯ ಹೆಣ್ಣುಮಗಳು. ಅವಳ ಕಾಲಿನ ದಣಿವು ಕಡಿಮೆಯಾದರೆ ಹೋಗುವುದಕ್ಕೇನು ಕಾರಣ? ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಮುಂಬಾಗಿಲಿನ ನೇರಕ್ಕಿಲ್ಲದ ಕಿಟಕಿ ಆರಿಸಿಕೊಳ್ಳಿ.

ಕಳ್ಳರ, ನಾಯಿಯ, ಹಾವಿನ ಭಯಕ್ಕೆ ಉಪಾಯ ಇದೆ. ಕದವನ್ನು ಮೇಲೆ ಅರ್ಧ, ಕೆಳಗೆ ಅರ್ಧ ಮಾಡಿಸಿ. ಹಗಲು ಕೆಳಗಿನದು ಮುಚ್ಚಿ, ಮೇಲಿನದು ತೆರೆದಿಡಿ. ನಾಯಿ, ಕೋಳಿ, ಕರು ಒಳಗೆ ಬರುವುದಿಲ್ಲ. ಕಿಟಕಿ ಹೋಯಿತು ಎಂಬ ಕೊರಗೂ ಇಲ್ಲ. ರಾತ್ರಿ ಎರಡಕ್ಕೂ ಒಳಗಿನಿಂದ ಅಗುಳಿ. ಕಿತ್ತ ಕಿಟಕಿಯನ್ನು ಎಸೆಯಬೇಡಿ, ದನದ ಮನೆಗೆ ಗಾಳಿಗೆ ಆಗುತ್ತದೆ.

ಹಿತ್ತಲ ಗೋಡೆ ಪಕ್ಕದವರ ಜೊತೆ ಜಂಟಿಯಾಗಿದ್ದರೆ ಅವರನ್ನು ಕೇಳದೆ ಮುಟ್ಟಬೇಡಿ. ಬಾಗಿಲು ತೆರೆಯುವ ಜಾಗ ನಿಮ್ಮದೇ ಎಂದು ಪಂಚಾಯ್ತಿ ಉತಾರದಲ್ಲಿ ಖಾತ್ರಿ ಮಾಡಿಕೊಳ್ಳಿ. ಬಾಗಿಲು ಜಗಳ ತರಬಾರದು.

ಹೊಸ ಮನೆ ಕಟ್ಟುವವರಿಗೂ ಒಂದು ಮಾತು

2019ರ ಆಗಸ್ಟ್ ಮಳೆಯಲ್ಲಿ ವರದಾ, ತುಂಗಭದ್ರಾ ಉಕ್ಕಿದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಆಮೇಲೆ ಎದ್ದ ಸಿಮೆಂಟ್ ಮನೆಗಳಲ್ಲಿ ನಾನು ನೋಡಿದ ಕೆಲವಕ್ಕೆ ಮುಂದೊಂದೇ ಬಾಗಿಲು, ಹಿಂದೆ ಒಂದು ಕಬ್ಬಿಣದ ಕಿಟಕಿ. ಹೊಸ ಮನೆಯಲ್ಲೂ ಅದೇ 2,400 ಹೆಜ್ಜೆ! ಪಾಯ ಹಾಕುವಾಗಲೇ ಹೇಳಿದರೆ ಹಿತ್ತಲ ಬಾಗಿಲಿಗೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಈಗಲೇ ಕೈ ಹಾಕಲಾಗದಿದ್ದರೂ, ಕಿಟಕಿಯ ಮೇಲಿನ ಲಿಂಟಲ್ಲನ್ನು ಏಳು ಅಡಿಗೇ ಹಾಕಿಸಿಡಿ. ಮುಂದೆ ಬೇಕೆಂದಾಗ ಕೆಳಗಿನ ಗೋಡೆ ಬಿಡಿಸಿದರಾಯಿತು.

ಸಾಲ ಮಾಡಿ ಹಳೆಯ ಗಟ್ಟಿ ಮನೆ ಕೆಡವಿ ಹೊಸದು ಕಟ್ಟುವ ಹುಮ್ಮಸ್ಸು ಈಗ ಹಳ್ಳಿಗಳಲ್ಲಿ ಜೋರಾಗಿದೆ. "ಕತ್ತಲು, ಉಸಿರು ಕಟ್ಟುತ್ತದೆ" ಎನ್ನುವುದೇ ಹಲವರ ದೂರು. ಗೋಡೆ ಗಟ್ಟಿ ಇದ್ದರೆ ಆ ದೂರಿಗೆ ಒಂದು ಬಾಗಿಲು ಸಾಕಾಗಬಹುದು. ಅದನ್ನು ಮೊದಲು ಮಾಡಿ ಒಂದು ವರ್ಷ ಬಾಳಿ ನೋಡಿ, ಸಾಲದ ಅರ್ಜಿ ಆಮೇಲೆ ಬರೆದರಾಯಿತು. ಬಾಗಿಲು ಎಲ್ಲಿ ಬರಬೇಕು ಎನ್ನುವುದನ್ನು ಮಾತ್ರ ಗೌಂಡಿಯನ್ನು ಕೇಳುವ ಮುಂಚೆ ದಿನಾ ಸುತ್ತು ಹಾಕುವವರನ್ನು ಕೇಳಿ. ಅವರಿಗೆ ಉತ್ತರ ಬಹಳ ವರ್ಷದಿಂದ ಗೊತ್ತಿದೆ.