ಗಿಡುಗಗಳ ಎಣಿಕೆಯೂ ನಮ್ಮ ಹೆಣ್ಣುಮಕ್ಕಳೂ

ಹದ್ದು, ಗಿಡುಗ, ಡೇಗೆಗಳೆಂದರೆ ಕೋಳಿಮರಿಗಳನ್ನು ಕದ್ದೊಯ್ಯತಕ್ಕ ದುಷ್ಟ ಪಕ್ಷಿಗಳೆಂಬ ಭಾವನೆಯು ನಮ್ಮ ಗ್ರಾಮಗಳಲ್ಲಿ ಬೇರೂರಿರುವುದು. ಅವುಗಳನ್ನು ಕಂಡೊಡನೆ ಕೂಗಿ ಓಡಿಸುವುದನ್ನು ಬಲ್ಲ ನಾವು, ಅವು ಎಲ್ಲಿಂದ ಬಂದವು, ಎಷ್ಟು ಬಂದವು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಸತ್ಯವೇದದಲ್ಲಾದರೋ, ಗಿಡುಗವು ದಕ್ಷಿಣ ದಿಕ್ಕಿಗೆ ಹಾರಿಹೋಗುವ ವಿಷಯವು ದೇವರು ಯೋಬನ ಮುಂದಿಟ್ಟ ಪ್ರಶ್ನೆಗಳಲ್ಲಿ ಒಂದಾಗಿದೆ. ಅಷ್ಟು ಪುರಾತನ ಕಾಲದಲ್ಲಿಯೇ ಮನುಷ್ಯನ ಗಮನಕ್ಕೆ ಬಂದ ಈ ಯಾತ್ರೆಯನ್ನು ನಮ್ಮ ಶಾಲೆಯ ವಿದ್ಯಾರ್ಥಿನಿಯರು ನೋಡಿ, ಎಣಿಸಿ, ಬರೆದಿಡಬೇಕೆಂಬುದೇ ಈ ಲೇಖನದ ಅಭಿಪ್ರಾಯ.

ಪರ್ವತಪ್ರದೇಶಗಳಲ್ಲಿ ಈ ಕಾರ್ಯವು ಬಹುಕಾಲದಿಂದ ನಡೆದುಬಂದಿದೆ. ಬೆಟ್ಟದ ಸಾಲಿಗೆ ಬಡಿದ ಗಾಳಿಯು ಮೇಲಕ್ಕೇರುವುದರಿಂದ, ಅದನ್ನೇ ವಾಹನವನ್ನಾಗಿ ಮಾಡಿಕೊಂಡು, ರೆಕ್ಕೆ ಬಡಿಯುವ ಶ್ರಮವಿಲ್ಲದೆ ಗಿಡುಗಗಳು ಬೆಟ್ಟದ ನೆತ್ತಿಯುದ್ದಕ್ಕೂ ತೇಲಿಹೋಗುವುವು. ಆದಕಾರಣ ಒಂದೇ ಶಿಖರದಲ್ಲಿ ಕುಳಿತವರು ಸಾವಿರಾರು ಪಕ್ಷಿಗಳನ್ನು ಎಣಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಇಂಥ ಒಂದು ಬೆಟ್ಟದಲ್ಲಿ ಬೇಟೆಗಾರರು ಹಾರಿಬರುವ ಗಿಡುಗಗಳನ್ನು ವಿನೋದಕ್ಕಾಗಿ ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆಯು ಆ ಬೆಟ್ಟವನ್ನು ಗುತ್ತಿಗೆಗೆ ಹಿಡಿದು, ಕಾವಲಿಟ್ಟು, ಬೇಟೆಯನ್ನು ನಿಲ್ಲಿಸಿದಳು. ಆಗ ಆರಂಭವಾದ ಎಣಿಕೆಯನ್ನು ಈಗಲೂ ಸ್ವಯಂಸೇವಕರು ಪ್ರತಿ ಶರತ್ಕಾಲದಲ್ಲಿ ಮುಂದುವರಿಸುತ್ತಿರುವರು. ಹಿಮಾಲಯದ ತಪ್ಪಲಿನಲ್ಲಿ, ನೇಪಾಳದ ಪೋಖರಾ ಪಟ್ಟಣಕ್ಕೆ ಸಮೀಪದ ತೂಲಾಖರ್ಕದಲ್ಲಿ 2012ರಿಂದ ಇದೇ ಕೆಲಸವು ನಡೆಯುತ್ತಿದೆ.

ಎಣಿಸಿದುದರಿಂದ ಬಂದ ಫಲವೇನೆಂದು ಕೆಲವರು ಕೇಳಬಹುದು. ರೇಚಲ್ ಕಾರ್ಸನ್ ಎಂಬ ವಿದುಷಿಯು 1962ರಲ್ಲಿ ಡಿ.ಡಿ.ಟಿ. ಮೊದಲಾದ ಕೀಟನಾಶಕಗಳ ಹಾನಿಯನ್ನು ಲೋಕಕ್ಕೆ ತಿಳಿಸಿದಾಗ, ಮರಿಹದ್ದುಗಳು ವಿರಳವಾಗುತ್ತಿದ್ದುದನ್ನು ತೋರಿಸುವುದಕ್ಕೆ ಆಕೆಗೆ ಒದಗಿದ ಸಾಕ್ಷ್ಯಗಳಲ್ಲಿ ಮೇಲೆ ಹೇಳಿದ ಪೆನ್ಸಿಲ್ವೇನಿಯದ ಬೆಟ್ಟದ ಲೆಕ್ಕವೂ ಒಂದು. ನಮ್ಮ ದೇಶದ ರಣಹದ್ದುಗಳ ವೃತ್ತಾಂತವು ಇನ್ನೂ ಕರುಣಾಜನಕವಾದುದು. ಭರತಪುರದ ಉದ್ಯಾನದಲ್ಲಿ 1980ರ ದಶಕದಲ್ಲಿ ಅವುಗಳ ಲೆಕ್ಕವನ್ನು ಬರೆದಿಟ್ಟಿದ್ದುದರಿಂದಲೇ, 1990ರ ದಶಕದ ಕೊನೆಯಲ್ಲಿ ಅವು ನಶಿಸಿಹೋಗುತ್ತಿರುವುದು ನಿಸ್ಸಂಶಯವಾಗಿ ಸಿದ್ಧಪಟ್ಟಿತು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಕಾರಣವೆಂದು ಅನಂತರ ತಿಳಿದುಬಂದು, 2006ರಲ್ಲಿ ದನಗಳಿಗೆ ಅದರ ಉಪಯೋಗವು ನಿಷೇಧಿಸಲ್ಪಟ್ಟಿತು. ಅಷ್ಟರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರಣಹದ್ದುಗಳು ಇಲ್ಲವಾಗಿದ್ದವು. ಭರತಪುರದಂತೆ ಇತರ ಊರುಗಳಲ್ಲಿಯೂ ಯಾರಾದರೂ ಎಣಿಸಿಟ್ಟಿದ್ದರೆ, ಈ ಅನರ್ಥವು ಇನ್ನೂ ಮೊದಲೇ ಬೆಳಕಿಗೆ ಬರುತ್ತಿರಲಿಲ್ಲವೇ?

ಇನ್ನು ನಮ್ಮ ಸೀಮೆಯ ವಿಷಯ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯು ಅರೆಮಲೆನಾಡಿನ ಊರು. ಒಂದು ಕಡೆ ತೀರ್ಥರಾಮೇಶ್ವರ ಬೆಟ್ಟದಂಥ ಕಾಡುಗುಡ್ಡಗಳು. ಇನ್ನೊಂದು ಕಡೆ ತುಂಗಭದ್ರೆಯವರೆಗೆ ಹರಡಿದ ಮೆಕ್ಕೆಜೋಳದ ಬಯಲು. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಗೂಡು ಕಟ್ಟತಕ್ಕ ಒಂದು ಜಾತಿಯ ಗಿಡುಗಗಳು ಮಳೆಗಾಲವು ಮುಗಿಯುತ್ತಲೇ ನಮ್ಮ ನಾಡಿನ ಬಯಲುಗಳಿಗೆ ಇಳಿದುಬಂದು, ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಹಿಂದಿರುಗುವುವು. ಇವುಗಳನ್ನು ಇಂಗ್ಲೀಷಿನವರು ಹ್ಯಾರಿಯರ್ ಎಂದೂ, ಕನ್ನಡದ ಪಕ್ಷಿವೀಕ್ಷಕರು ಸೆಳೆವ ಎಂದೂ ಕರೆಯುವರು. ರೆಕ್ಕೆಗಳನ್ನು ಕೊಂಚ ಮೇಲಕ್ಕೆತ್ತಿ, ಪೈರಿನ ಮೇಲೆ ಆಳೆತ್ತರದಲ್ಲಿ ಓಲಾಡುತ್ತ ಹಾರುವುದೇ ಇವುಗಳ ಗುರುತು. ಬಯಲು ಸೆಳೆವಗಳಲ್ಲಿ ಗಂಡು ಬೂದಿಬಣ್ಣದ್ದು. ಹೆಣ್ಣು ಕಂದುಬಣ್ಣದ್ದಾಗಿ, ಬಾಲದ ಬುಡದಲ್ಲಿ ಬಿಳಿಯ ಪಟ್ಟಿಯನ್ನು ಧರಿಸಿರುವುದು. ಮಿಡತೆ, ಇಲಿ, ಸಣ್ಣ ಹಕ್ಕಿಗಳು ಇವುಗಳ ಆಹಾರ. ಆದ್ದರಿಂದ ಇವು ರೈತನಿಗೆ ಉಪಕಾರಿಗಳೇ ಸರಿ. ರಾತ್ರಿಯಲ್ಲಿ ಮರವನ್ನೇರದೆ, ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುವುವು.

ಹುಲ್ಲುಬಯಲನ್ನು ಬಂಜರೆಂದು ಕರೆದು ಅಲ್ಲಿ ನೀಲಗಿರಿಯನ್ನು ನೆಡುವುದೂ, ಉತ್ತುಬಿಡುವುದೂ ಪುಣ್ಯಕಾರ್ಯವೆಂದು ನಾವು ತಿಳಿದಿರುವೆವು. ನದಿಯಾಚೆಯ ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯದಲ್ಲಿಯೂ ಎಷ್ಟೋ ನೆಲವು ನೀಲಗಿರಿ ತೋಪಾಗಿದೆ. ಮಲಗಲು ಹುಲ್ಲಿಲ್ಲದ ಅತಿಥಿಯು ಮರುವರ್ಷ ಬರುವನೇ? ಮೂವತ್ತು ಸಾವಿರ ಪಕ್ಷಿವೀಕ್ಷಕರ ಟಿಪ್ಪಣಿಗಳನ್ನು ಕೂಡಿಸಿ 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು, ಬೇಟೆಹಕ್ಕಿಗಳೂ ಬಯಲಿನ ಹಕ್ಕಿಗಳೂ ಇಳಿಮುಖವಾಗಿರುವುವೆಂದು ತಿಳಿಸುತ್ತದೆ. ಅದನ್ನು ಬರೆದುಕೊಟ್ಟವರಲ್ಲಿ ಬಹುಮಂದಿ ಸಂಬಳ ಪಡೆದವರಲ್ಲ. ಆಸಕ್ತಿಯಿಂದ ನೋಡಿದ ಸಾಮಾನ್ಯ ಜನರು.

ಇಲ್ಲಿಯೇ ನಮ್ಮ ವಿದ್ಯಾರ್ಥಿನಿಯರ ಅಗತ್ಯವು ಕಂಡುಬರುವುದು. ಸೆಳೆವಗಳು ಬೆಟ್ಟದ ಗಾಳಿಯನ್ನೇ ನೆಚ್ಚದೆ ರೆಕ್ಕೆ ಬಡಿದು ಹಾರಬಲ್ಲವಾದುದರಿಂದ, ಒಂದೇ ದಾರಿಯಲ್ಲಿ ಸಾಲುಗಟ್ಟದೆ ಬಯಲಿನಲ್ಲೆಲ್ಲ ಚದರಿಹೋಗುವುವು. ಇವುಗಳನ್ನೆಣಿಸಲು ಶಿಖರದ ಮೇಲಿನ ಒಬ್ಬ ಪಂಡಿತನು ಸಾಲನು. ಹಳ್ಳಿಹಳ್ಳಿಯಲ್ಲಿಯೂ ಎರಡು ಕಣ್ಣುಗಳು ಬೇಕು. ಊರೂರಿನಿಂದ ಹುಡುಗಿಯರು ಬಂದು ಸೇರುವ ಪ್ರೌಢಶಾಲೆಗಿಂತ ಇದಕ್ಕೆ ಯೋಗ್ಯವಾದ ಸಂಸ್ಥೆಯು ಯಾವುದಿದೆ?

ಹೆಣ್ಣುಮಕ್ಕಳು ಗುಡ್ಡಗಾಡನ್ನು ಅಲೆಯುವುದು ಉಚಿತವೇ ಎಂದು ತಾಯಿತಂದೆಗಳು ಆಕ್ಷೇಪಿಸಬಹುದು. ಅವರ ಆತಂಕವು ಅಲ್ಲಗಳೆಯತಕ್ಕದ್ದಲ್ಲ. ಆದರೆ ಗುಡ್ಡವನ್ನೇರುವ ಅವಶ್ಯಕತೆಯೇ ಇಲ್ಲ. ಮನೆಯ ಮಾಳಿಗೆ, ಹೊಲದ ಬದು, ಕೆರೆಯ ಏರಿ, ಇಷ್ಟು ಸಾಕು. ಪಾಠಕ್ಕೆ ಅಡ್ಡಿಯಾದೀತೆಂಬುವರಿಗೆ ಹೇಳತಕ್ಕುದೇನೆಂದರೆ, ವಾರಕ್ಕೊಮ್ಮೆ ಹದಿನೈದು ನಿಮಿಷಗಳಿಗಿಂತ ಹೆಚ್ಚು ಹೊತ್ತು ಬೇಕಾಗದು. ತಾರೀಖು, ಗಳಿಗೆ, ಸ್ಥಳ, ಕಂಡ ಪಕ್ಷಿ, ಸಂಖ್ಯೆ, ಇವಿಷ್ಟನ್ನು ಬರೆದರಾಯಿತು. ಜಾತಿಯು ತಿಳಿಯದಿದ್ದರೆ ಊಹಿಸಿ ಬರೆಯದೆ, ತಿಳಿಯದೆಂದೇ ಬರೆಯಬೇಕು. ಏನೂ ಕಾಣದ ದಿನ, ಏನೂ ಕಾಣಲಿಲ್ಲವೆಂದು ಬರೆಯುವುದೂ ಅಷ್ಟೇ ಮುಖ್ಯ. ಏಕೆಂದರೆ ಬಾರದೆ ಹೋದ ಪಕ್ಷಿಯ ಸುದ್ದಿಯು ಆ ಸೊನ್ನೆಯಿಂದಲೇ ತಿಳಿಯಬೇಕು. ಕಂಡದ್ದನ್ನು ಕಂಡಂತೆ ಹೇಳುವ ಈ ಅಭ್ಯಾಸವು ಯಾವ ಪರೀಕ್ಷೆಯ ಅಂಕಗಳಿಗಿಂತಲೂ ಕಡಿಮೆಯ ವಿದ್ಯೆಯಲ್ಲ.

ಆದ್ದರಿಂದ ಮುಖ್ಯೋಪಾಧ್ಯಾಯಿನಿಯವರಲ್ಲಿಯೂ ಉಪಾಧ್ಯಾಯಿನಿಯರಲ್ಲಿಯೂ ನನ್ನ ವಿಜ್ಞಾಪನೆಯಿದು. ಬರುವ ಸೆಪ್ಟೆಂಬರ್ ತಿಂಗಳಿನಿಂದ ಶಾಲೆಯ ವಾಚನಾಲಯದಲ್ಲಿ ಗಟ್ಟಿ ರಟ್ಟಿನ ಒಂದು ದಪ್ಪ ಪುಸ್ತಕವನ್ನಿಡಿರಿ. ಸೋಮವಾರದ ಪ್ರಾರ್ಥನೆಯ ತರುವಾಯ ಹುಡುಗಿಯರು ತಮ್ಮ ತಮ್ಮ ಊರಿನ ಲೆಕ್ಕವನ್ನು ಅದರಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಅದನ್ನು ಅಂತರ್ಜಾಲದ ಈಬರ್ಡ್ ದಾಖಲೆಗೆ ಒಬ್ಬ ಉಪಾಧ್ಯಾಯಿನಿಯವರು ಸೇರಿಸಲಿ. ಮೊದಲ ವರ್ಷದ ಲೆಕ್ಕದಿಂದ ಯಾವ ನಿರ್ಣಯಕ್ಕೂ ಬರಲಾಗದು. ಹತ್ತನೆಯ ವರ್ಷದಲ್ಲಿ ಆ ಪುಸ್ತಕವನ್ನು ತೆರೆಯುವ ಹುಡುಗಿಗೆ ಮಾತ್ರ ಅದರ ಬೆಲೆಯು ತಿಳಿಯುವುದು.