‘ಉಡಾಳ’ ಎಂದರೆ ಮುಗಿಯಿತೇ?

ನಮ್ಮ ಗಡಿಭಾಗದಲ್ಲಿ ಒಂದು ಪದವಿದೆ: ಉಡಾಳ. ಶೇಡಬಾಳ, ಉಗಾರ, ಕಾಗವಾಡ, ಅಥಣಿ... ಯಾವ ಊರಿಗೆ ಹೋದರೂ ಪಾಠದ ನಡುವೆ ಎದ್ದು ಓಡುವ, ಕೇಳಿದ್ದನ್ನು ಮರೆಯುವ, ತನ್ನ ಸರದಿಗೆ ಕಾಯಲಾರದ ಮಗುವಿಗೆ ಈ ಪದ ಸಿದ್ಧವಾಗಿರುತ್ತದೆ. ಒಮ್ಮೆ ಅದು ಅಂಟಿತೆಂದರೆ ಮುಂದಿನದೆಲ್ಲ ತಾನಾಗಿಯೇ ನಡೆಯುತ್ತದೆ. ಶಾಲೆಯಲ್ಲಿ ಕೋಲು, ಮನೆಯಲ್ಲಿ ಚಪ್ಪಲಿ, ಓಣಿಯಲ್ಲಿ ತಾಯಿಗೆ “ಎಂಥಾ ಮಗನ್ನ ಹಡದೀಯವಾ” ಎಂಬ ಚುಚ್ಚುಮಾತು. ಕೊನೆಗೆ ಹೈಸ್ಕೂಲಿನ ಮೆಟ್ಟಿಲು ಹತ್ತುವ ಮುನ್ನವೇ ಗ್ಯಾರೇಜು ಅಥವಾ ಕಬ್ಬಿನ ಗದ್ದೆ. ಹೀಗೆ ಶಾಲೆಯಿಂದ ಹೊರದಬ್ಬಲ್ಪಟ್ಟ ಮಕ್ಕಳಲ್ಲಿ ಎಷ್ಟು ಮಂದಿ ನಿಜಕ್ಕೂ ಉಡಾಳರು, ಎಷ್ಟು ಮಂದಿಗೆ ಚಿಕಿತ್ಸೆ ಬೇಕಾಗಿತ್ತು ಎಂದು ನಾವು ಎಂದಾದರೂ ಕೇಳಿಕೊಂಡಿದ್ದೇವೆಯೇ?

ವೈದ್ಯಶಾಸ್ತ್ರ ಈ ಸಮಸ್ಯೆಯನ್ನು ಎಡಿಎಚ್‌ಡಿ ಎನ್ನುತ್ತದೆ. ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಯೋಚಿಸುವ ಮುನ್ನವೇ ಮಾಡಿಬಿಡುವುದು ಇದರ ಮೂರು ಮುಖಗಳು. ಚುರುಕಾದ ಮಗುವೆಲ್ಲ ರೋಗಿಯಲ್ಲ. ಲಕ್ಷಣಗಳು ಹನ್ನೆರಡು ವರ್ಷದೊಳಗೆ ಶುರುವಾಗಿರಬೇಕು, ಆರು ತಿಂಗಳಾದರೂ ಮುಂದುವರಿದಿರಬೇಕು, ಮನೆ ಮತ್ತು ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಿಸಬೇಕು, ಮಗುವಿನ ಕಲಿಕೆಗೆ ಅಥವಾ ಒಡನಾಟಕ್ಕೆ ಅಡ್ಡಿಯಾಗಿರಬೇಕು. ಕಿವಿ ಕೇಳದ, ಕಣ್ಣು ಮಂದವಾದ, ಹಸಿದು ಬಂದ, ಮನೆಯ ಜಗಳಕ್ಕೆ ಹೆದರಿದ ಮಗುವೂ ಪಾಠದಲ್ಲಿ ಗಮನ ಕೊಡುವುದಿಲ್ಲ. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ ಎಂದು ಮೂರು ಭಾಷೆಗಳ ನಡುವೆ ತಡವರಿಸುವ ನಮ್ಮ ಮಕ್ಕಳನ್ನಂತೂ ಇನ್ನೂ ಎಚ್ಚರದಿಂದ ನೋಡಬೇಕು. ಆದ್ದರಿಂದಲೇ ತೀರ್ಮಾನ ವೈದ್ಯರದಾಗಬೇಕು, ಓಣಿಯದಲ್ಲ. ಇನ್ನು ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತುಬಿಡುವ ಹೆಣ್ಣುಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೆ ಸಿಗುವ ಬಿರುದು ‘ದಡ್ಡಿ’.

“ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಇವೆಲ್ಲ ಮೊಬೈಲ್ ತಂದ ರೋಗ” ಎನ್ನುವವರಿದ್ದಾರೆ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ ಗಮನ ನಿಲ್ಲದ ಮಕ್ಕಳ ಬಗ್ಗೆ ಬರೆದದ್ದು 1798ರಲ್ಲಿ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಕುರಿತು ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಅವರು ಇದಕ್ಕೆ ‘ನೈತಿಕ ನಿಯಂತ್ರಣದ ದೋಷ’ ಎಂಬ ಹೆಸರು ಕೊಟ್ಟರಾದರೂ, ಬುದ್ಧಿ ಸರಿಯಿರುವ, ಒಳ್ಳೆಯ ಮನೆಯಲ್ಲಿ ಬೆಳೆದ ಮಕ್ಕಳಲ್ಲೂ ಇದು ಕಾಣುತ್ತದೆ ಎಂಬುದನ್ನು ಗುರುತಿಸಿದ್ದರು. ವೈದ್ಯಶಾಸ್ತ್ರ ಆ ಹೆಸರನ್ನು ಕೈಬಿಟ್ಟು ಎಷ್ಟೋ ಮುಂದೆ ಬಂದಿದೆ. ನಾವು ಆ ಹೆಸರನ್ನಷ್ಟೇ ಹಿಡಿದುಕೊಂಡು ಕುಳಿತಿದ್ದೇವೆ!

ತಾಯಿಯನ್ನು ದೂರುವವರಿಗೂ ಒಂದು ಮಾತು. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಇದರಲ್ಲಿ ಆನುವಂಶಿಕತೆಯ ಪಾಲು ಶೇ. 70ರಿಂದ 80ರಷ್ಟಿದೆ ಎನ್ನುತ್ತವೆ. ಇದು ತಾಯಿಯ ಮುದ್ದಿನಿಂದ ಬಂದದ್ದಲ್ಲ. ಸಕ್ಕರೆ ತಿಂದದ್ದರಿಂದ ಬಂದದ್ದೂ ಅಲ್ಲ. ಕಬ್ಬಿನ ಸೀಮೆಯವರಾದ ನಾವು ಅಷ್ಟಾದರೂ ತಿಳಿದುಕೊಳ್ಳಬೇಕು.

ಹೊಡೆದರೆ ಸರಿಹೋಗುತ್ತಾನೆ ಎಂಬುದು ಎಲ್ಲಕ್ಕಿಂತ ದೊಡ್ಡ ಮೂಢನಂಬಿಕೆ. ಮಂದದೃಷ್ಟಿಯ ಮಗುವಿಗೆ ಹೊಡೆದರೆ ಕಣ್ಣು ಕಾಣುತ್ತದೆಯೇ? ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಶೇಡಬಾಳವು ಅಹಿಂಸೆಯನ್ನು ಸಾರಿದ ಜೈನಮುನಿ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಊರು. ಈ ನೆಲದಲ್ಲಿ ಇರುವೆಯ ಜೀವಕ್ಕೂ ಬೆಲೆಯಿದೆ. ಮಗುವಿನ ಬೆನ್ನಿಗೆ ಮಾತ್ರ ಬೆಲೆಯಿಲ್ಲವೇ? ಮುಸ್ಲಿಮರಾದ ನಾವೂ ಕೇಳಿಕೊಳ್ಳಬೇಕು. ನಮಾಝ್‌ನ ಸಾಷ್ಟಾಂಗದಲ್ಲಿದ್ದಾಗ ಬೆನ್ನೇರಿದ ಮೊಮ್ಮಗನನ್ನು ಪ್ರವಾದಿ ಮುಹಮ್ಮದ್(ಸ) ಗದರಲಿಲ್ಲ, ಅವನು ಇಳಿಯುವವರೆಗೆ ಸಾಷ್ಟಾಂಗವನ್ನೇ ದೀರ್ಘವಾಗಿಸಿದರು. ಅದೇ ಪ್ರವಾದಿಯವರ ಹೆಸರು ಹೇಳುವ ನಮ್ಮ ಮಕ್ತಬ್‌ಗಳಲ್ಲಿ ಬೆತ್ತಕ್ಕೇನು ಕೆಲಸ?

ಬೆತ್ತ ಸೋತಾಗ ತಾಯತ ಬರುತ್ತದೆ. ಜಿನ್ನ್ ಹಿಡಿದಿದೆ, ದೃಷ್ಟಿ ತಾಗಿದೆ ಎಂದು ದರ್ಗಾದಿಂದ ದರ್ಗಾಕ್ಕೆ ಅಲೆದಾಟ. ಪ್ರಾರ್ಥನೆ ಮಾಡಬೇಡಿ ಎನ್ನುತ್ತಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ಚಿಕಿತ್ಸೆಯನ್ನು ತಪ್ಪಿಸುವುದು ದ್ರೋಹ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪ ನಡೆಯುತ್ತಿದ್ದ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಅದು ಬೇರೆ ರೋಗಗಳ ಕಥೆ, ನಿಜ. ಆದರೆ ಮನಸ್ಸಿನ ತೊಂದರೆಗೆ ವೈದ್ಯರು ಬೇಡ ಎಂಬ ಹಟ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ವಾಸ್ತವದಲ್ಲಿ 1154ರ ದಮಾಸ್ಕಸ್‌ನ, 1284ರ ಕೈರೋದ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೆ ವೈದ್ಯರು ಚಿಕಿತ್ಸೆ ನೀಡುತ್ತಿದ್ದರು. ನಮ್ಮ ಪರಂಪರೆ ಅದು, ಸರಪಳಿಯಲ್ಲ.

ಹಾಗಾದರೆ ಚಿಕಿತ್ಸೆ ಏನು? ಆರು ವರ್ಷದೊಳಗಿನ ಮಗುವಿಗೆ ಮೊದಲು ಹೆತ್ತವರಿಗೆ ತರಬೇತಿ: ಒಂದು ಸಲಕ್ಕೆ ಒಂದೇ ಸೂಚನೆ, ನಿಗದಿತ ದಿನಚರಿ, ತಪ್ಪಿಗೆ ಬೈಗುಳಕ್ಕಿಂತ ಸರಿ ಮಾಡಿದಾಗ ಕೂಡಲೇ ಮೆಚ್ಚುಗೆ. ಶಾಲೆಯಲ್ಲಿ ಮುಂದಿನ ಬೆಂಚು, ತುಂಡು ತುಂಡಾದ ಕೆಲಸ, ನಡುವೆ ಓಡಾಡಲು ಅವಕಾಶ. ದೊಡ್ಡ ಮಕ್ಕಳಿಗೆ ಅಗತ್ಯವಿದ್ದರೆ ಔಷಧಿ. ಮೀಥೈಲ್‌ಫೆನಿಡೇಟ್ 1944ರಲ್ಲಿ ತಯಾರಾದ ಹಳೆಯ ಔಷಧಿ. ಹಸಿವು, ನಿದ್ದೆ ಕಡಿಮೆಯಾಗಬಹುದು, ಆದ್ದರಿಂದ ತೂಕ, ಎತ್ತರ, ರಕ್ತದೊತ್ತಡವನ್ನು ವೈದ್ಯರು ಆಗಾಗ ನೋಡುತ್ತಿರಬೇಕು. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 14 ತಿಂಗಳು ಎಚ್ಚರದಿಂದ ಕೊಟ್ಟ ಔಷಧಿ ಲಕ್ಷಣಗಳನ್ನು ಚೆನ್ನಾಗಿ ತಗ್ಗಿಸಿತು. ನಡವಳಿಕೆಯ ತರಬೇತಿ ಜೊತೆಗೂಡಿದಾಗ ಕಡಿಮೆ ಪ್ರಮಾಣ ಸಾಕಾಯಿತು. ಮೂರು ವರ್ಷಗಳ ನಂತರ ಗುಂಪುಗಳ ನಡುವಿನ ಅಂತರ ಉಳಿಯಲಿಲ್ಲ. ಅಂದರೆ ಮಾತ್ರೆ ವಿಷವೂ ಅಲ್ಲ, ಮಂತ್ರವೂ ಅಲ್ಲ. ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವ ವೈದ್ಯರೂ, ಮಾತ್ರೆಯ ಹೆಸರು ಕೇಳಿಯೇ ಓಡುವ ತಂದೆಯೂ ಮಗುವಿಗೆ ಅರ್ಧ ನ್ಯಾಯವನ್ನಷ್ಟೇ ಕೊಡುತ್ತಾರೆ.

ಪೂರ್ಣ ನ್ಯಾಯ ಕೊಡಬೇಕಾದ ಸರಕಾರ ಎಲ್ಲಿದೆ? ಶೇಡಬಾಳದವರು ಮೈಗೆ ಕಾಯಿಲೆಯಾದರೆ ರೈಲು ಹತ್ತಿ ಮೀರಜಿಗೆ ಹೋಗುತ್ತಾರೆ. ಮನಸ್ಸಿನ ತೊಂದರೆಗೆ ಸರಕಾರಿ ತಜ್ಞರು ಬೇಕೆಂದರೆ ನೂರು ಕಿಲೋಮೀಟರಿಗೂ ಆಚೆಯ ಬೆಳಗಾವಿ, ಇಲ್ಲವೇ ಇನ್ನೂ ದೂರದ ಧಾರವಾಡದ ಡಿಮ್ಹಾನ್ಸ್. ದಿನಗೂಲಿಯ ತಾಯಿ ಎಷ್ಟು ಸಲ ಹೋದಾಳು? ಹೋಗಿ ಚೀಟಿ ಬರೆಸಿಕೊಂಡು ಬಂದರೂ, ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್‌ನ ಔಷಧಿ. ಅದಕ್ಕೆ ಎರಡು ಪ್ರತಿಯ ಚೀಟಿ ಬೇಕು, ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಅದರ ಹೆಸರಿಲ್ಲ. ಕಲಿಕಾ ನ್ಯೂನತೆಯ ಮಗುವಿಗೆ ಪರೀಕ್ಷೆಯಲ್ಲಿ ಸಿಗುವ ರಿಯಾಯಿತಿ, ಬರಿಯ ಎಡಿಎಚ್‌ಡಿ ಇರುವ ಮಗುವಿಗೆ ಈ ಕಾಯ್ದೆಯ ಹಕ್ಕಾಗಿ ಸಿಗುವುದಿಲ್ಲ. ಗುರುತಿಸುವುದಕ್ಕೆ ಒಂದು ಪಟ್ಟಿ, ಕೈಬಿಡುವುದಕ್ಕೆ ಇನ್ನೊಂದು ಪಟ್ಟಿ!

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಅಥಣಿ, ಕಾಗವಾಡದಂಥ ತಾಲೂಕುಗಳಿಗೆ ಗೊತ್ತಾದ ದಿನ ಮಕ್ಕಳ ಮನೋವೈದ್ಯರು ಬರಲಿ. ಔಷಧಿ ಸರಕಾರಿ ಆಸ್ಪತ್ರೆಯಲ್ಲೇ ಸಿಗಲಿ. ಶಿಕ್ಷಕರ ತರಬೇತಿಯಲ್ಲಿ ಈ ವಿಷಯ ಸೇರಲಿ, ಒಬ್ಬ ಶಿಕ್ಷಕರ ಮುಂದೆ ಹಿಂಡು ಮಕ್ಕಳನ್ನು ಕೂರಿಸುವುದು ನಿಲ್ಲಲಿ. ಮಸೀದಿಯ ಜುಮಾ ಪ್ರವಚನದಲ್ಲಿ, ಬಸದಿಯಲ್ಲಿ, ಮಠದಲ್ಲಿ ಈ ಮಾತು ಬರಲಿ. ಮನೆಯವರಿಗೆ ದಾರಿ ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು ಎಂಬುದಾದರೂ ಓಣಿಗೆ ತಿಳಿಯಲಿ.

ಇದಕ್ಕೆಲ್ಲ ಸರಕಾರದ ಹಣ ಬೇಕು, ಕಾಲ ಬೇಕು. ‘ಉಡಾಳ’ ಎಂಬ ಪದವನ್ನು ನಾಲಿಗೆಯಿಂದ ಇಳಿಸಲು ಏನೂ ಬೇಕಾಗಿಲ್ಲ. ಅಷ್ಟನ್ನು ಇಂದೇ ಮಾಡಬಹುದಲ್ಲವೇ?