ಪುಸ್ತಕದ ಮೇಲೆ ‘ನಾಳೆ ಬಾ’

ಒಂದು ಕಾಲದಲ್ಲಿ ನಮ್ಮ ರಾಜ್ಯದ ಹಲವು ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರು. ರಾತ್ರಿ ಬರುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ ಎಂಬ ನಂಬಿಕೆ. ಈಗ ವಿದ್ಯಾರ್ಥಿಗಳಾದ ನಾವು ಅದೇ ಮಾತನ್ನು ಪುಸ್ತಕದ ಮೇಲೆ ಬರೆದಿಟ್ಟಂತಿದೆ. ದೆವ್ವವೇನೋ ಹಿಂದಿರುಗೀತು, ಪರೀಕ್ಷೆ ಹಿಂದಿರುಗುವುದಿಲ್ಲ.

ಓದನ್ನು ಮುಂದೂಡುವವರನ್ನು ಸೋಮಾರಿಗಳೆಂದು ಬೈಯುವುದು ರೂಢಿ. ಆದರೆ ಮನೋವಿಜ್ಞಾನಿಗಳಾದ ಫ್ಯೂಷಿಯಾ ಸಿರೋಯ್ ಮತ್ತು ತಿಮೋತಿ ಪಿಚಿಲ್ 2013ರಲ್ಲಿ ಬೇರೆಯದೇ ಮಾತು ಹೇಳಿದರು. ಕಷ್ಟದ ಕೆಲಸ ಕಂಡಾಗ ಹುಟ್ಟುವ ಭಯ, ಬೇಸರದಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳಲು ನಾವು ಅದನ್ನು ಮುಂದೂಡುತ್ತೇವೆ. ಮೊಬೈಲ್ ಹಿಡಿದಾಗ ಸಿಗುವುದು ಆ ಕ್ಷಣದ ನೆಮ್ಮದಿ ಮಾತ್ರ. ಕೆಲಸ ಹಾಗೇ ಉಳಿಯುತ್ತದೆ, ಭಯ ದುಪ್ಪಟ್ಟಾಗುತ್ತದೆ.

ಇದಕ್ಕೆ ನಮ್ಮ ಪರೀಕ್ಷಾ ವ್ಯವಸ್ಥೆಯ ಪಾಲೂ ಇದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ಬಂದವು. ಎಡವಿದವರಿಗೆ ವರ್ಷ ಹಾಳಾಗದಿರಲಿ ಎಂಬ ಆಶಯ ಒಳ್ಳೆಯದೇ. ಆದರೆ ‘ಇನ್ನೊಂದು ಪರೀಕ್ಷೆ ಇದೆಯಲ್ಲ’ ಎಂಬ ಮಾತು ಮೊದಲ ಪರೀಕ್ಷೆಗೂ ಮುಂಚೆಯೇ ಬಾಯಿಗೆ ಬಂದರೆ, ಅವಕಾಶವೇ ನೆಪವಾಗುತ್ತದೆ.

ಉದ್ಯೋಗಾಕಾಂಕ್ಷಿಗಳ ಪಾಡು ಇನ್ನೂ ಕಷ್ಟ. ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತು. ದಿನಾಂಕ ಬದಲಾಗಿ ಆಗಸ್ಟ್ 27ಕ್ಕೆ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆಯಾಯಿತು. ಪರೀಕ್ಷೆಯೇ ಮುಂದಕ್ಕೆ ಹೋಗುತ್ತಿದ್ದರೆ ಓದು ಹೇಗೆ ಹಿಡಿತದಲ್ಲಿ ಉಳಿದೀತು? ಯುಪಿಎಸ್‌ಸಿ ಪ್ರತಿ ವರ್ಷ ಪರೀಕ್ಷಾ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ನಮ್ಮ ಆಯೋಗವೂ ಹೇಳಿದ ದಿನಕ್ಕೆ ಪರೀಕ್ಷೆ ನಡೆಸಲಿ ಎಂದು ಕೇಳುವ ಹಕ್ಕು ನಮಗಿದೆ.

ಹಾಗೆಂದು ವ್ಯವಸ್ಥೆ ಸರಿಹೋಗುವವರೆಗೆ ಕಾಯುವುದೂ ಮುಂದೂಡುವಿಕೆಯೇ. ಡ್ಯಾನ್ ಏರಿಯೆಲಿ ಮತ್ತು ಕ್ಲಾಸ್ ವರ್ಟೆನ್‌ಬ್ರಾಕ್ ಅವರ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕೊನೆಯಲ್ಲಿ ಒಂದೇ ಗಡುವು ಇದ್ದವರಿಗಿಂತ, ನಡುನಡುವೆ ಸಮನಾದ ಅಂತರದಲ್ಲಿ ಗಡುವು ಇದ್ದವರ ಕೆಲಸ ಚೆನ್ನಾಗಿತ್ತು. ತಾವೇ ಗಡುವು ಹಾಕಿಕೊಂಡವರು ಇವರಿಬ್ಬರ ನಡುವೆ ಇದ್ದರು. ಅಂದರೆ ದೂರದ ಒಂದು ದಿನಾಂಕಕ್ಕಿಂತ ಹತ್ತಿರದ ಸಣ್ಣ ಸಣ್ಣ ದಿನಾಂಕಗಳೇ ನಮ್ಮನ್ನು ಕೂರಿಸುತ್ತವೆ.

ವಿಟಿಯು 2022ರ ಸ್ಕೀಮ್‌ನಲ್ಲಿ ಥಿಯರಿ ವಿಷಯಗಳ ಅರ್ಧ ಅಂಕ ಇಂಟರ್ನಲ್ಸ್‌ಗೇ ಮೀಸಲು. 50ಕ್ಕೆ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಇದು ಒಳ್ಳೆಯ ಗಡುವೇ. ಆದರೆ ಹಿಂದಿನ ರಾತ್ರಿ ಗೆಳೆಯನ ಅಸೈನ್‌ಮೆಂಟ್ ನಕಲು ಮಾಡಿದರೆ ಅಂಕ ಬರುತ್ತದೆ, ಗಣಿತ ಬರುವುದಿಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ಅದು ಬಯಲಾಗುತ್ತದೆ.

ಹಾಗಾದರೆ ಏನು ಮಾಡಬೇಕು? ‘ಇಂದು ಮ್ಯಾಥ್ಸ್ ಓದಬೇಕು’ ಎಂದುಕೊಳ್ಳುವ ಬದಲು ‘ಊಟಕ್ಕೆ ಮುಂಚೆ ಎರಡು ಲೆಕ್ಕ’ ಎಂದು ಬರೆದುಕೊಳ್ಳಿ. 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾಂಚೆಸ್ಕೊ ಚಿರಿಲ್ಲೊ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಓದಲು ಶುರುಮಾಡಿದ. ಅದರಿಂದ ಬೆಳೆದ ಪೊಮೊಡೊರೊ ವಿಧಾನದಲ್ಲಿ 25 ನಿಮಿಷ ಓದು, 5 ನಿಮಿಷ ವಿರಾಮ. ಅಷ್ಟು ಹೊತ್ತು ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆ ಕಡೆಗೆ ಬಸ್ಸಿನಲ್ಲಿ ಓಡಾಡುವವರಿಗೆ ಆ ದಾರಿಯಲ್ಲೇ ಇಂಥ ಎರಡು ಸುತ್ತು ಸಿಗುತ್ತವೆ. ಶನಿವಾರ ಸಂಜೆಯೊಳಗೆ ಒಂದು ಅಧ್ಯಾಯ ಮುಗಿಸಿ ಗೆಳತಿಗೋ ಗೆಳೆಯನಿಗೋ ವಿವರಿಸುತ್ತೇನೆಂದು ಮಾತು ಕೊಡಿ. ಮಾತು ಕೊಟ್ಟ ಗಡುವು ಮನಸ್ಸಿನಲ್ಲಿಟ್ಟ ಗಡುವಿಗಿಂತ ಗಟ್ಟಿ.

ಪರೀಕ್ಷೆಯ ದಿನಾಂಕ ನಮ್ಮ ಕೈಯಲ್ಲಿಲ್ಲ. ಇಂದು ಸಂಜೆಯ 25 ನಿಮಿಷ ನಮ್ಮ ಕೈಯಲ್ಲಿದೆ. ಓದುವ ಮನಸ್ಸು ಬರಲಿ ಎಂದು ಕಾಯುವುದು ಬೇಡ. ಓದಲು ಕುಳಿತ ಮೇಲೆ ಅದು ತಾನಾಗಿಯೇ ಬರುತ್ತದೆ.